ಮೆತ್ತಗಿನ ಜಾಗ

ಎಲ್ಲ ಶುರುವಾದದ್ದು ಹಾಸಿಗೆಯಣ್ಣನ ಬಾಯಿಗೆ ‘ಆಗೋದಿಲ್ಲ’ ಎಂಬ ಒಂದು ಮಾತು ಬರದೇ ಇದ್ದುದರಿಂದ.

ಹನ್ನೊಂದು ದಿನದ ಹಿಂದೆ ಅವನು ತಾನು ಮಲಗುವ ಹಳೆಯ ಹಾಸಿಗೆಯನ್ನು ಬಿಸಿಲು ಕಾಯಲೆಂದು ತನ್ನ ಅಂಗಡಿಯ ಮುಂದೆ ಹಾಕಿದ್ದ. ಬೆನ್ನುನೋವಿಗೆ ಹೊಸ ಹಾಸಿಗೆ ಹೊಲಿಸಬೇಕೆಂದು ಬಂದ ನಿವೃತ್ತ ಪೋಸ್ಟ್ ಮಾಸ್ಟರು, “ಒಂದು ನಿಮಿಷ ಕೂತ್ಕೊಳ್ತೀನಪ್ಪಾ” ಎಂದು ಅದರ ಮೇಲೆ ಕೂತರು, ಒರಗಿದರು, ಮೂರನೆಯ ನಿಮಿಷಕ್ಕೆ ಗೊರಕೆ ಹೊಡೆದರು. ಗಂಟೆ ಕಳೆದು ಎದ್ದವರು ಹೊಸ ಹಾಸಿಗೆಯ ಮಾತೇ ಎತ್ತಲಿಲ್ಲ.

“ನನಗೆ ಇದೇ ಬೇಕು.”

“ಸಾರ್, ಅದು ಹದಿನಾರು ವರ್ಷದ ಹಳೇದು. ನಾನು ಮಲಗೋದು…”

“ನಾನು ಎಪ್ಪತ್ತು ವರ್ಷದ ಹಳೇದು. ಜೋಡಿ ಸರಿಹೋಗುತ್ತೆ.”

ಹಾಸಿಗೆಯಣ್ಣ ತಲೆ ಕೆರೆದುಕೊಂಡ. ಅವನು ತಲೆ ಕೆರೆದುಕೊಂಡನೆಂದರೆ ಒಪ್ಪಿದನೆಂದೇ ಅರ್ಥ ಎನ್ನುವುದು ಬೀದಿಗೆಲ್ಲ ಗೊತ್ತಿತ್ತು.

ಹಾಸಿಗೆ ಹೊಲಿಯುವವನಿಗೆ ಹಾಸಿಗೆಗೇನು ಬರ? ಅಂದೇ ತನಗೊಂದು ಹೊಸದು ಮಾಡಿಕೊಂಡ. ನಿದ್ದೆ ಮಾತ್ರ ಬರಲಿಲ್ಲ. ಹಳೆಯದರ ನಡುವೆ ಅವನ ಮೈಯ ಅಳತೆಗೇ ಒಂದು ತಗ್ಗು ಬಿದ್ದಿತ್ತು. ಎಡಕ್ಕೆ ತಿರುಗಿದರೆ ಭುಜಕ್ಕೆ ಜಾಗ, ಬಲಕ್ಕೆ ತಿರುಗಿದರೆ ಮೊಣಕೈಗೆ ಜಾಗ. ಹಸಿವು ರುಚಿಯರಿಯದು, ನಿದ್ದೆ ಸುಖವರಿಯದು ಎಂದು ಗಾದೆ ಕಟ್ಟಿದವನಿಗೆ ಆ ತಗ್ಗಿನ ಪರಿಚಯ ಇರಲಿಲ್ಲವೆಂದು ಕಾಣುತ್ತದೆ.

ನಾಲ್ಕನೆಯ ದಿನ ಅವನು ಕಾಫಿಗೆ ಉಪ್ಪು ಹಾಕಿಕೊಂಡು, ಇವತ್ತು ಚೆನ್ನಾಗಿದೆ ಎಂದು ಹೊಗಳಿ ಕುಡಿದ. ಏಳನೆಯ ದಿನ ಹಾಸಿಗೆಯ ಬಾಯಿ ಹೊಲಿಯುತ್ತ ತನ್ನ ಅಂಗಿಯ ತುದಿಯನ್ನೂ ಸೇರಿಸಿ ಹೊಲಿದುಬಿಟ್ಟ; ಊಟಕ್ಕೆಂದು ಎದ್ದಾಗ ಹಾಸಿಗೆಯೂ ಊಟಕ್ಕೆ ಎದ್ದಿತು. ಒಂಬತ್ತನೆಯ ದಿನ ಬುತ್ತಿ ತಂದ ಹೆಂಡತಿಯನ್ನು ನೋಡಿ, “ಬನ್ನಿ ಬನ್ನಿ, ಸಿಂಗಲ್ಲೋ ಡಬಲ್ಲೋ?” ಎಂದು ಕೇಳಿದ.

“ಡಬಲ್ಲೇ ಆಗಿ ಇಪ್ಪತ್ತೆರಡು ವರ್ಷ ಆಯ್ತು ರೀ,” ಎಂದಳು ಅವಳು.

ಇದೆಲ್ಲ ಸಹಿಸಬಹುದಾಗಿತ್ತು. ಹನ್ನೆರಡನೆಯ ದಿನ ಬೆಳಗಾದಾಗ ಸಹಿಸಲಾಗದ್ದು ಬಂತು.

ಆ ಬೆಳಿಗ್ಗೆ ಅತ್ತೆ ಊಟದ ಮೇಜಿನ ಹತ್ತಿರ ಬಂದು ಕೂತು, ಅಳಿಯನ ಮುಂದೆ ಸ್ಲೇಟು ತಳ್ಳಿದರು. ಮೂವತ್ತೊಂದು ವರ್ಷ ಮೇಷ್ಟರಗಿರಿ ಮಾಡಿದ ಕೈ. ಅಕ್ಷರ ಮುತ್ತಿನ ಹಾಗೆ:

‘ಕಾಫಿ ತಣ್ಣಗಿದೆ. ಕಿಟಕಿ ಕಿರುಗುಟ್ಟುತ್ತದೆ. ಹೊಸ ದಿಂಬು ಗಟ್ಟಿ. ಹಲ್ಲು ಎಲ್ಲಿ?’

ಮೊದಲ ಮೂರು ದಿನನಿತ್ಯದ ಬಗೆಯ ದೂರು. ಅಳಿಯ ಹೊಲಿದು ಕೊಟ್ಟ ಯಾವ ವಸ್ತುವನ್ನೂ ಅತ್ತೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಒಳ್ಳೆಯದೆಂದವರಲ್ಲ. ನಾಲ್ಕನೆಯದನ್ನು ಓದಿದಾಗ ಮಾತ್ರ ಹಾಸಿಗೆಯಣ್ಣ ಕೂತಲ್ಲಿಂದ ಎದ್ದುಬಿಟ್ಟ.

ಅವತ್ತು ಸಾಯಂಕಾಲ ನಾಲ್ಕು ಗಂಟೆಗೆ ಅತ್ತೆ ಪಾಠ ಹೇಳಿದ ಶಾಲೆಯಲ್ಲಿ ಹೊಸ ವಾಚನಾಲಯ ತೆರೆಯುವುದಿತ್ತು. ಅದಕ್ಕೆ ಅವರದೇ ಹೆಸರು. ಅವರ ಭಾಷಣವೂ ಇತ್ತು; ಒಂದು ತಿಂಗಳಿಂದ ಕನ್ನಡಿಯ ಮುಂದೆ ಅಭ್ಯಾಸ ನಡೆದಿತ್ತು. ಮೂರು ದಿನದ ಹಿಂದೆ ಅವರ ಹಲ್ಲುಸೆಟ್ಟಿನ ಮುಂದಿನದೊಂದು ಹಲ್ಲು ಸೀಳಿತು. ಹಲ್ಲಿಲ್ಲದೆ ಅವರು ಹೊರಗಿನವರ ಮುಂದೆ ಇರಲಿ, ಗೋಡೆಯ ಮುಂದೂ ಬಾಯಿ ತೆರೆಯುವವರಲ್ಲ. ಅಂದಿನಿಂದ ಸ್ಲೇಟೇ ಬಾಯಿ. ರಿಪೇರಿಗೆ ಕೊಟ್ಟು ತರುವ ಕೆಲಸವನ್ನು ಬೇರೆ ಯಾರೂ ಇಲ್ಲದೆ ಅಳಿಯನಿಗೆ ಒಪ್ಪಿಸಿದ್ದರು. ಮದುವೆಯಾದ ಮೇಲೆ ಅವನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ.

ಮತ್ತು ಅವನು ತಂದಿದ್ದ! ನಿನ್ನೆ ಸಂಜೆಯೇ ತಂದಿದ್ದ. ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಹಲ್ಲು ಕಟ್ಟುವವನು, “ಜೋಪಾನ, ಬಿದ್ರೆ ಎರಡು ಹೋಳು” ಎಂದಿದ್ದ. ಅಂಗಡಿಗೆ ಬಂದು, ಇದನ್ನು ಎಲ್ಲಾದರೂ ಮೆತ್ತಗಿನ ಜಾಗದಲ್ಲಿ ಇಡಬೇಕು ಅಂದುಕೊಂಡದ್ದು ಚೆನ್ನಾಗಿ ನೆನಪಿತ್ತು. ಅಲ್ಲಿಂದಾಚೆಗೆ ತಲೆಯೊಳಗೆ ಬರೀ ಹತ್ತಿ.

“ಅತ್ತೆ, ಮಧ್ಯಾಹ್ನ ತಂದುಕೊಡ್ತೀನಿ. ಪಾಲಿಶ್ ಮಾಡ್ತಿದಾರೆ,” ಎಂದು ಹೇಳಿ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ ಮೆಟ್ಟಿ ಓಡಿದ.

ಹಾಸಿಗೆ ಅಂಗಡಿಯಲ್ಲಿ ಮೆತ್ತಗಿನ ಜಾಗ ಹುಡುಕುವುದೆಂದರೆ ಸಮುದ್ರದಲ್ಲಿ ಒದ್ದೆ ಜಾಗ ಹುಡುಕಿದ ಹಾಗೆ. ಹಿಂಜಿದ ಹತ್ತಿಯ ರಾಶಿಯನ್ನು ತಲೆಕೆಳಗು ಮಾಡಿದ. ಮೂಟೆಗಳೊಳಗೆ ಭುಜದವರೆಗೆ ಕೈ ಹಾಕಿದ. ಇಲ್ಲ. ಹಾಗಾದರೆ ಒಂದೇ ದಾರಿ: ನಿನ್ನೆ ಬಾಯಿ ಹೊಲಿದು ಕಳಿಸಿದ ಮೂರು ಹಾಸಿಗೆಗಳಲ್ಲಿ ಯಾವುದೋ ಒಂದರ ಹೊಟ್ಟೆಯಲ್ಲಿ ಅತ್ತೆಯ ಹಲ್ಲು ಇರಬೇಕು.

ಹತ್ತಿಯಲ್ಲಿ ಮುಳುಗಿ ಕುರಿಯ ಹಾಗೆ ಕೂತಿದ್ದ ಅವನನ್ನು ಎದುರಿನ ಕಟಿಂಗ್ ಶಾಪಿನವನು ನೋಡಿದ. ಗಿರಾಕಿಯ ಅರ್ಧ ಗಡ್ಡ ಹೆರೆದಿದ್ದವನು ಕತ್ತಿ ಹಿಡಿದೇ ಬಂದ.

“ಏನಣ್ಣಾ, ಏನಾಯ್ತು?”

“ಯಾರಿಗೂ ಹೇಳಬೇಡ ಮಾರಾಯಾ.”

“ನನ್ನ ಕಿವಿಗೆ ಬಿದ್ದ ಮಾತು ಬಾವಿಗೆ ಬಿದ್ದ ಕಲ್ಲು.”

ಹಾಸಿಗೆಯಣ್ಣ ಹೇಳಿದ. ಕಲ್ಲು ಬಾವಿಗೆ ಬಿತ್ತು, ನಿಜ. ಬಿದ್ದ ಸದ್ದು ಬೀದಿಯ ಆ ತುದಿಯವರೆಗೆ ಕೇಳಿಸಿತು. “ಹಾಸಿಗೆಯೊಳಗೆ ಹಲ್ಲಾ?” ಎಂದು ಅವನು ಕೂಗಿದ ಕೂಗಿಗೆ ಔಷಧಿ ಅಂಗಡಿಯ ಅಕ್ಕ ಹೊರಗೆ ಬಂದಳು.

“ನಡಿ ಅಣ್ಣಾ, ನಾನೂ ಬರ್ತೀನಿ. ನಿನ್ನ ತಲೆ ಈಗ ಒಬ್ಬಂಟಿಯಾಗಿ ಓಡಾಡೋ ಸ್ಥಿತಿಯಲ್ಲಿಲ್ಲ,” ಎಂದ ಕಟಿಂಗ್ ಶಾಪಿನವನು.

“ನನ್ನ ಇನ್ನೊಂದು ಕೆನ್ನೆ?” ಎಂದು ಅರ್ಧ ಗಡ್ಡದ ಗಿರಾಕಿ ನೊರೆ ಒರೆಸಿಕೊಳ್ಳುತ್ತ ಕೇಳಿದ.

“ಅದೇನು ಓಡಿ ಹೋಗುತ್ತಾ? ಬನ್ನಿ ಜೊತೆಗೆ, ದಾರಿಯಲ್ಲಿ ಮಾಡ್ತೀನಿ.”

ಹೀಗೆ ಮೂವರು ಹೊರಟರು.

ಮೊದಲ ಹಾಸಿಗೆ ಗಣಿತದ ಮೇಷ್ಟರ ಮನೆಯದು. ಸಾಮಾನ್ಯ ದಿನವಾಗಿದ್ದರೆ ಅದನ್ನು ಬಿಚ್ಚುವ ಅಗತ್ಯವೇ ಇರುತ್ತಿರಲಿಲ್ಲ. ಹಾಸಿಗೆಯಣ್ಣನ ಬೆನ್ನು ಅಂಥ ಬೆನ್ನು. ಕಳಿಸುವ ಮೊದಲು ಪ್ರತಿ ಹಾಸಿಗೆಯ ಮೇಲೂ ಒಂದು ಸಲ ಮಲಗಿ ಹೊರಳುವುದು ಅವನ ಪದ್ಧತಿ. ಒಳಗೆ ಒಂದೇ ಒಂದು ಹತ್ತಿಬೀಜ ಉಳಿದಿದ್ದರೂ ಬೆನ್ನು ಹೇಳಿಬಿಡುತ್ತಿತ್ತು. ಆದರೆ ಹನ್ನೊಂದು ದಿನ ನಿದ್ದೆಗೆಟ್ಟ ಬೆನ್ನಿಗೂ ಬುದ್ಧಿ ಮಂಕಾಗಿತ್ತು. ಮೇಷ್ಟರ ಹಾಸಿಗೆಯ ಮೇಲೆ ಹೊರಳಿದ. ಎಲ್ಲ ಕಡೆಯೂ ಹಲ್ಲೇ ಇದ್ದ ಹಾಗೆನಿಸಿತು.

“ಹಾಗೆಲ್ಲ ಹೊರಳಾಡಿದ್ರೆ ಉತ್ತರ ಬರಲ್ಲ,” ಎಂದರು ಮೇಷ್ಟರು, ಚಾಕ್‌ಪೀಸ್ ತೆಗೆದುಕೊಂಡು. “ಉದ್ದ ಆರಡಿ, ಅಗಲ ಮೂರಡಿ, ಒಟ್ಟು ಹದಿನೆಂಟು ಚೌಕ. ಒಂದೊಂದಕ್ಕೂ ದಬ್ಬಳ ಚುಚ್ಚಿ ನೋಡೋಣ. ಹದಿನೇಳರಲ್ಲಿ ಇರದಿದ್ರೆ ಹದಿನೆಂಟರಲ್ಲಿ ಇರಲೇಬೇಕು.”

ಉದ್ದನೆಯ ದಬ್ಬಳ ಚುಚ್ಚುತ್ತ ಹೋದ. ಹದಿನೇಳರಲ್ಲಿ ಇರಲಿಲ್ಲ. ಹದಿನೆಂಟನೆಯದರಲ್ಲಿ ‘ಟಕ್’ ಎಂದಿತು!

“ಗಣಿತ!” ಎಂದರು ಮೇಷ್ಟರು, ಕಣ್ಣು ತುಂಬಿ.

ಕೊಯ್ದು ಕೈ ಹಾಕಿದರೆ ಬಂದದ್ದು ಕತ್ತರಿ. ನಿನ್ನೆ ಸಂಜೆಯಿಂದ ಹಾಸಿಗೆಯಣ್ಣ ಹುಡುಕುತ್ತಿದ್ದ, ಅವನದೇ ದೊಡ್ಡ ಕತ್ತರಿ.

“ಅಯ್ಯೋ, ಇದರ ಮೇಲೆ ರಾತ್ರಿ ನನ್ನ ಯಜಮಾನರು ಮಲಗಿದ್ರಲ್ಲಾ!” ಎಂದು ಮೇಷ್ಟರ ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಹಾಸಿಗೆಯಣ್ಣ ಸಂಜೆಯೊಳಗೆ ಹೊಲಿದುಕೊಡುತ್ತೇನೆಂದು ಕೈ ಮುಗಿದು ಹೊರಬಿದ್ದ.

ಎರಡನೆಯದು ರಾತ್ರಿ ಪಾಳಿಯ ಬಸ್ ಡ್ರೈವರನ ಮನೆ. ಅಲ್ಲಿ ಕಷ್ಟ ಬೇರೆ: ಹಾಸಿಗೆಯ ಮೇಲೆ ಡ್ರೈವರನೇ ಇದ್ದ. ಆರು ಅಡಿಯ ಆಳು ಅಂಗಾತ ಬಿದ್ದುಕೊಂಡು, ಏರು ಹತ್ತುವ ಲಾರಿಯ ಹಾಗೆ ಗೊರಕೆ ಹೊಡೆಯುತ್ತಿದ್ದ. ಹಾಸಿಗೆಯಣ್ಣ ಬಾಗಿಲಲ್ಲೇ ನಿಂತು, ಹಸಿದವನು ಹೋಟೆಲಿನ ಕಿಟಕಿಯಲ್ಲಿ ಇಣುಕುವ ಹಾಗೆ ಆ ನಿದ್ದೆಯನ್ನು ನೋಡಿದ.

“ಅವರು ಸಿಡಿಲು ಬಡಿದ್ರೂ ಏಳಲ್ಲ,” ಎಂದಳು ಡ್ರೈವರನ ಹೆಂಡತಿ. “ಎಬ್ಬಿಸಿದ್ರೆ ಮಾತ್ರ ಸಾಯಂಕಾಲದವರೆಗೂ ನನ್ನ ಬೈತಾರೆ. ಮಲಗಿದ ಹಾಗೇ ಏನಾದ್ರೂ ಮಾಡ್ಕೊಳ್ಳಿ.”

ಕಟಿಂಗ್ ಶಾಪಿನವನಿಗೆ ಉಪಾಯ ಹೊಳೆಯಿತು. ಡ್ರೈವರನ ಕಿವಿಯ ಹತ್ತಿರ ಬಾಗಿ, “ಎಡಕ್ಕೆ ತಗೋ, ಎಡಕ್ಕೆ! ಎದುರಿಂದ ಲಾರಿ!” ಅಂದ. ಡ್ರೈವರ್ ಕಣ್ಣು ಮುಚ್ಚಿಯೇ ಎರಡೂ ಕೈಯಲ್ಲಿ ಗಾಳಿಯನ್ನು ತಿರುಗಿಸಿ ಎಡಕ್ಕೆ ಹೊರಳಿದ. ಬಲಗಡೆ ಖಾಲಿಯಾಯಿತು. ಹಾಸಿಗೆಯಣ್ಣ ಕೊಯ್ದು ಹುಡುಕಿದ. ಇಲ್ಲ.

“ಬಲಕ್ಕೆ, ಬಲಕ್ಕೆ! ದನ ಅಡ್ಡ ಬಂತು!” ಡ್ರೈವರ್ ಬಲಕ್ಕೆ ಹೊರಳಿದ. ಎಡಗಡೆ ಕೊಯ್ದು ಕೈ ಹಾಕಿದಾಗ ಹಲ್ಲು ಹಲ್ಲಾಗಿ ಏನೋ ತಾಗಿತು.

“ಸಿಕ್ತು!”

ಎಳೆದರೆ ಬಂದದ್ದು ಬಾಚಣಿಗೆ. ಕಟಿಂಗ್ ಶಾಪಿನವನು ಅದನ್ನು ಕಸಿದುಕೊಂಡು ಬೆಳಕಿಗೆ ಹಿಡಿದ.

“ಇದು ನಂದು! ನಿನ್ನೆಯಿಂದ ಹುಡುಕ್ತಿದೀನಿ. ಈ ಬಾಚಣಿಗೆ ವಿಷಯಕ್ಕೆ ನನ್ನ ಸ್ವಂತ ಭಾವಮೈದುನನ ಹತ್ರ ಮಾತು ಬಿಟ್ಟಿದೀನಿ ಅಣ್ಣಾ!”

“ಹತ್ತಿ ಬಿಡಿಸೋಕೆ ಒಂದು ನಿಮಿಷಕ್ಕೆ ಅಂತ ತಂದಿದ್ದೆ ಅನ್ಸುತ್ತೆ…”

“ಹಾಗಾದ್ರೆ ಈಗ ನನ್ನ ಇನ್ನೊಂದು ಕೆನ್ನೆ ಮಾಡಬಹುದಲ್ಲಾ?” ಎಂದ ಅರ್ಧ ಗಡ್ಡದವನು. “ನನಗೆ ನಾಲ್ಕಕ್ಕೆ ಒಂದು ಕಡೆ ಹೋಗೋದಿದೆ.” ಯಾರೂ ಕೇಳಿಸಿಕೊಳ್ಳಲಿಲ್ಲ. ಅವನು ಬೇಸರದಿಂದ ಮನೆಯ ದಾರಿ ಹಿಡಿದ.

ಅಷ್ಟರಲ್ಲಿ ಬೀದಿಯಲ್ಲಿ ಸುದ್ದಿಗೆ ಕಾಲು ಬಂದಿತ್ತು. ಔಷಧಿ ಅಂಗಡಿಯಲ್ಲಿ ‘ಹಲ್ಲು’ ಆಗಿದ್ದದ್ದು ತರಕಾರಿ ಅಂಗಡಿಗೆ ಬರುವಾಗ ‘ಚಿನ್ನದ ಹಲ್ಲು’ ಆಗಿತ್ತು. ನೀರಿನ ನಲ್ಲಿಯ ಹತ್ತಿರ ‘ಮೂವತ್ತೆರಡೂ ಚಿನ್ನವಂತೆ’ ಆಯಿತು. ನಿನ್ನೆಯ ಹಾಸಿಗೆ, ಹೋದ ವರ್ಷದ ಹಾಸಿಗೆ ಎಂದು ಯಾರೂ ನೋಡಲಿಲ್ಲ. ಹಾಸಿಗೆಯಣ್ಣನ ಹತ್ತಿರ ಹಾಸಿಗೆ ಹೊಲಿಸಿದ ಮನೆಗಳಲ್ಲೆಲ್ಲ ಚಾಕು, ಬ್ಲೇಡು, ಈಳಿಗೆ ಹೊರಬಂದವು. ಮೂರನೆಯ ಮನೆಗೆ ಹೋಗುವ ದಾರಿಯಲ್ಲಿ ಕಿಟಕಿ ಕಿಟಕಿಯಿಂದ ಹತ್ತಿ ಹಾರುತ್ತಿತ್ತು.

“ಅಣ್ಣಾ, ನಮ್ಮದರಲ್ಲಿ ಬರೀ ಹತ್ತಿನೇ ಇದೆಯಲ್ಲಾ!” ಎಂದು ಮಹಡಿಯ ಮೇಲಿಂದ ಒಬ್ಬಾಕೆ ಮೋಸಹೋದವಳ ಹಾಗೆ ಕೂಗಿದಳು.

ಮೂರನೆಯದು ಪೋಸ್ಟ್ ಮಾಸ್ಟರ ಮನೆ. ಅಂದರೆ ಅವನ ಹಳೆಯ ಹಾಸಿಗೆ. ‘ಹೊಸ ಗವಸು ಹಾಕು, ನಡುವೆ ತಗ್ಗಿದೆ, ಒಂದಿಷ್ಟು ಹತ್ತಿ ತುಂಬು’ ಎಂದು ಅವರು ನಿನ್ನೆ ಕಳಿಸಿದ್ದರು. ಗವಸು ಬದಲಿಸಿದ್ದ. ತಗ್ಗು ಮುಚ್ಚಲು ಮಾತ್ರ ಕೈ ಬಂದಿರಲಿಲ್ಲ.

ಗಂಟೆ ಎರಡೂವರೆ. ಪೋಸ್ಟ್ ಮಾಸ್ಟರು ಎಲ್ಲ ಕೇಳಿ, “ಕೊಯ್ಯೋದಾದ್ರೆ ಕೊಯ್ಯಪ್ಪಾ” ಎಂದರು. ಹಾಸಿಗೆಯಣ್ಣ ಕತ್ತರಿ ಎತ್ತಿದ. ಇಳಿಸಿದ.

“ಸಾರ್, ಇದರ ಹೊಟ್ಟೆಗೆ ಕತ್ತರಿ ಹಾಕೋಕೆ ನನ್ನಿಂದ ಆಗ್ತಿಲ್ಲ. ಒಂದು ಸಲ ಮಲಗಿ ನೋಡ್ತೀನಿ. ಇದಾದ್ರೆ ನನ್ನ ಬೆನ್ನಿಗೆ ಗೊತ್ತಾಗುತ್ತೆ.”

ಮಲಗಿದ. ಎಡಭುಜ ತನ್ನ ಜಾಗಕ್ಕೆ ಹೋಗಿ ಕೂತಿತು. ಮೊಣಕೈ ತನ್ನ ಜಾಗಕ್ಕೆ ಹೋಯಿತು. “ಇದರಲ್ಲಿ ಹಲ್ಲಿ…” ಎನ್ನುವಷ್ಟರಲ್ಲಿ ಅವನು ಈ ಲೋಕದಲ್ಲಿ ಇರಲಿಲ್ಲ.

“ಏಯ್ ಅಣ್ಣಾ! ಏಳೋ! ನಾಲ್ಕಕ್ಕೆ ಭಾಷಣ!” ಎಂದು ಕಟಿಂಗ್ ಶಾಪಿನವನು ಹೆಗಲು ಹಿಡಿದ.

ಪೋಸ್ಟ್ ಮಾಸ್ಟರು ಅವನ ಕೈಯ ಮೇಲೆ ಊರುಗೋಲಿನಿಂದ ಮೆಲ್ಲಗೆ ತಟ್ಟಿದರು. “ಮುಟ್ಟಬೇಡ. ಮೂವತ್ತೈದು ವರ್ಷ ಅಂಚೆ ಕಚೇರಿ ನಡೆಸಿದವನು ನಾನು. ಹಗಲೆಲ್ಲ ಬರೋ ಕಾಗದ ಸುಮ್ಮನೆ ಒಂದು ರಾಶಿ. ವಿಂಗಡಣೆ ಆಗಿ, ಅದರದರ ಗೂಡಿಗೆ ಬಿದ್ದರೆ ಮಾತ್ರ ಕೇಳಿದಾಗ ಸಿಗುತ್ತೆ. ಇವನ ತಲೆಯಲ್ಲಿ ಹನ್ನೊಂದು ದಿನದ ಮೂಟೆ ಬಿಚ್ಚದೇ ಬಿದ್ದಿದೆ. ಈಗ ಬಿಚ್ಚುತಾ ಇದಾನೆ. ವಿಂಗಡಣೆ ನಡೀವಾಗ ಹೊರಗಿನವರಿಗೆ ಪ್ರವೇಶ ಇಲ್ಲ.”

“ಸಾರ್, ಅವರ ಅತ್ತೆ…”

“ಗೂಡಿನಲ್ಲಿ ಇಲ್ಲದ ಕಾಗದವನ್ನ ಯಾರ ಅತ್ತೆಗೂ ತಲುಪಿಸೋಕಾಗಲ್ಲ. ಕೂತ್ಕೋ.”

ಮೂರು ಇಪ್ಪತ್ತಕ್ಕೆ ಹಾಸಿಗೆಯಣ್ಣ ಕಣ್ಣು ಬಿಟ್ಟ. ತೊಳೆದು ಒರೆಸಿದ ಗಾಜಿನ ಹಾಗೆ ತಲೆ ತಿಳಿಯಾಗಿತ್ತು. ನಾಳಿದ್ದು ಹೆಂಡತಿಯ ಹುಟ್ಟುಹಬ್ಬ ಎನ್ನುವುದು ನೆನಪಾಯಿತು. ಕೊಡೆ ಮರೆತು ಬಂದದ್ದು ಯಾರ ಮನೆಯಲ್ಲಿ ಎನ್ನುವುದು ನೆನಪಾಯಿತು. ಆಮೇಲೆ ನಿನ್ನೆಯ ಸಂಜೆ, ಬಿಳಿ ಬಟ್ಟೆಯ ಗಂಟು, ತನ್ನದೇ ಕೈ ಅದನ್ನು ಹತ್ತಿಯ ನಟ್ಟನಡುವೆ ನಾಜೂಕಾಗಿ ಇಟ್ಟದ್ದು, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗೆ ಬಂತು.

“ಅಯ್ಯಯ್ಯೋ,” ಎಂದ. “ಹಾಸಿಗೆ ಅಲ್ಲವೇ ಅಲ್ಲ!”

ಎದ್ದ ಹಾಗೇ ಓಡಿದ. ಹಿಂದೆ ಕಟಿಂಗ್ ಶಾಪಿನವನು ಓಡಿದ.

ಮನೆಯಲ್ಲಿ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಭಾಷಣದ ಹಾಳೆ ಮಡಿಲಲ್ಲಿಟ್ಟುಕೊಂಡು, ತುಟಿ ಬಿಗಿದು ಕುರ್ಚಿಯಲ್ಲಿ ಕೂತಿದ್ದರು. ಹೆಂಡತಿ ಬಾಗಿಲಿಗೂ ಗಡಿಯಾರಕ್ಕೂ ನಡುವೆ ಓಡಾಡುತ್ತಿದ್ದಳು. ಹಾಸಿಗೆಯಣ್ಣ ಯಾರ ಮುಖವನ್ನೂ ನೋಡದೆ ಅತ್ತೆಯ ಕೋಣೆಗೆ ನುಗ್ಗಿ, ಅವರ ಮಂಚದಿಂದ ಹೊಸ ದಿಂಬನ್ನು ಎತ್ತಿ ತಂದ. ಈ ದೊಡ್ಡ ದಿನದ ಹಿಂದಿನ ರಾತ್ರಿ ಅವರಿಗೆ ಸುಖನಿದ್ದೆ ಬರಲಿ ಎಂದು ಪ್ರೀತಿಯಿಂದ ನಿನ್ನೆ ಸಂಜೆಯೇ ಹೊಲಿದುಕೊಟ್ಟ ದಿಂಬು ಅದು. ಹಾಸಿಗೆಯಾದರೆ ಹೊರಳಿ ನೋಡುತ್ತಿದ್ದ. ದಿಂಬಿಗೆ ಆ ಪರೀಕ್ಷೆ ಇರಲಿಲ್ಲ.

ಕತ್ತರಿ ಆಡಿತು. ಹತ್ತಿ ಹಾರಿತು. ಬಿಳಿ ಗಂಟು ಆ ಹತ್ತಿಯ ಮೇಲೆ ಬಿದ್ದು ಬಿಚ್ಚಿಕೊಂಡಿತು. ಎರಡು ಸಾಲು ಹಲ್ಲು ಎಲ್ಲರನ್ನೂ ನೋಡಿ ನಕ್ಕವು. ಒಂದೂ ಮುರಿದಿರಲಿಲ್ಲ, ಜಾಗವೇನೋ ನಿಜವಾಗಿ ಮೆತ್ತಗಿತ್ತು.

ಅತ್ತೆ ಸ್ಲೇಟು ಎತ್ತಿಕೊಂಡರು. ಬೆಳಗಿನ ಬರಹದಲ್ಲಿ ಮೂರನೆಯ ವಾಕ್ಯ ಮಾತ್ರ ಉಳಿಸಿ, ಉಳಿದದ್ದನ್ನು ನಿಧಾನವಾಗಿ ಒರೆಸಿ, ಅಳಿಯನ ಕಡೆ ತಿರುಗಿಸಿದರು.

‘ಹೊಸ ದಿಂಬು ಗಟ್ಟಿ.’

ಬಿಸಿನೀರಿನಲ್ಲಿ ತೊಳೆದ ಹಲ್ಲು ಬಾಯಿಗೆ ಹೋದದ್ದೇ ತಡ, ಮೂರು ದಿನದ ಮಾತು ಒಟ್ಟಿಗೆ ಹೊರಬಂತು. ಶಾಲೆಯ ಬಾಗಿಲಿನವರೆಗೂ ಅಳಿಯನಿಗೆ, ಅಲ್ಲಿಂದ ಮುಂದೆ ಸಭೆಗೆ.

ಭಾಷಣ ಐವತ್ತು ನಿಮಿಷ ನಡೆಯಿತು. ವೇದಿಕೆಯ ಮೇಲೆ ಅವರನ್ನು ಪರಿಚಯಿಸಿದ ಶಾಲಾ ಸಮಿತಿಯ ಅಧ್ಯಕ್ಷರು ಅದೇಕೋ ಇಡೀ ಹೊತ್ತು ಒಂದೇ ಮಗ್ಗುಲು ತೋರಿಸಿಕೊಂಡು ನಿಂತಿದ್ದರು. ಅವರು ಸಭೆಯ ಕೊನೆಯ ಸಾಲಿನಲ್ಲಿದ್ದ ಕಟಿಂಗ್ ಶಾಪಿನವನನ್ನು ನೋಡಿದ ನೋಟ ಮಾತ್ರ ಎರಡೂ ಮಗ್ಗುಲಿನದಾಗಿತ್ತು. ಅತ್ತೆ ಮಕ್ಕಳಿಗೆ ಬುದ್ಧಿ ಹೇಳಿದರು: “ಏನಾದರೂ ಕಳೆದುಹೋದರೆ ಊರೆಲ್ಲ ಹುಡುಕಬೇಡಿ. ಮೊದಲು ಮನೆಯ ಹಿರಿಯರು ಬೆಳಿಗ್ಗೆ ಏನು ಹೇಳಿದರು ಅಂತ ನೆನಪು ಮಾಡಿಕೊಳ್ಳಿ.” ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ಹಾಸಿಗೆಯಣ್ಣ ತಟ್ಟಿದ. ಅವರ ಒಂದೊಂದು ಅಕ್ಷರವೂ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. ಅವನ ಕಣ್ಣು ಒದ್ದೆಯಾಗಿತ್ತು.

ಹೊರಗೆ ಪೋಸ್ಟ್ ಮಾಸ್ಟರು ಸಿಕ್ಕಿದರು.

“ನೋಡಪ್ಪಾ, ನೀನು ಅದರ ಮೇಲೆ ಮಲಗಿದ್ದನ್ನ ಕಣ್ಣಾರೆ ನೋಡಿದೆ. ಅದು ನಿನ್ನ ವಿಳಾಸಕ್ಕೆ ಬಂದ ಕಾಗದ, ತಪ್ಪಿ ನನ್ನ ಮನೆಗೆ ಬಂದಿತ್ತು. ತಳ್ಳುಗಾಡಿಯಲ್ಲಿ ನಿನ್ನ ಮನೆಗೆ ಕಳಿಸಿದೀನಿ. ನನಗೆ ಹೊಸದು ಮಾಡಿಕೊಡು.”

ಹಾಸಿಗೆಯಣ್ಣ ಅವರ ಕೈ ಹಿಡಿದುಕೊಂಡ. ಅತ್ತೆಯನ್ನು ಹೆಂಡತಿಯ ಜೊತೆ ರಿಕ್ಷಾದಲ್ಲಿ ಮುಂದೆ ಕಳಿಸಿ, ತಾನು ನಡೆದೇ ಹೊರಟ. ಇವತ್ತು ದೀಪ ಹಚ್ಚುವ ಮೊದಲೇ ಮಲಗಬೇಕು. ನಾಳೆ ಮಧ್ಯಾಹ್ನದವರೆಗೂ ಏಳಬಾರದು. ಯೋಚಿಸುತ್ತಿದ್ದ ಹಾಗೇ ಭುಜ ಆಗಲೇ ತಗ್ಗು ಹುಡುಕುತ್ತಿತ್ತು.

ಮನೆಯ ಮುಂದೆ ಗೋಡೆಗೆ ಒರಗಿಸಿಟ್ಟ ಹಾಸಿಗೆಗಳ ಸಾಲು ಕಂಡಿತು. ಮೇಷ್ಟರದು, ಡ್ರೈವರನದು, ಚಿನ್ನ ಸಿಗದ ಇನ್ನೂ ಒಂಬತ್ತು ಮನೆಗಳದು. ಒಟ್ಟು ಹನ್ನೊಂದು, ಎಲ್ಲದರ ಹೊಟ್ಟೆಯೂ ಸೀಳಿತ್ತು. ಪಕ್ಕದಲ್ಲಿ ಹನ್ನೊಂದು ಮನೆಯವರು ನಿಂತಿದ್ದರು.

“ಅಣ್ಣಾ, ನಾವು ಇವತ್ತು ಯಾವುದರ ಮೇಲೆ ಮಲಗೋದು?”

ಹಾಸಿಗೆಯಣ್ಣ ತಲೆ ಕೆರೆದುಕೊಂಡ. ಇರಲಿ, ಒಂದು ಗಂಟೆ ಮಲಗಿ ಎದ್ದು ಹೊಲಿದರಾಯಿತು ಎಂದುಕೊಂಡು ಒಳಗೆ ಹೋದ.

ತಳ್ಳುಗಾಡಿಯಲ್ಲಿ ಬಂದ ಹಾಸಿಗೆ ನಡುಮನೆಯಲ್ಲಿ ಹಾಸಿತ್ತು. ಅದರ ತಗ್ಗಿನಲ್ಲಿ, ಅಳತೆ ಕೊಟ್ಟು ಮಾಡಿಸಿದ ಹಾಗೆ, ಅತ್ತೆ ಮಲಗಿದ್ದರು.

“ಭಾಷಣ ಮಾಡಿ ಸುಸ್ತಾಗಿತ್ತು ರೀ,” ಎಂದು ಹೆಂಡತಿ ಪಿಸುಗುಟ್ಟಿದಳು. “ಕೋಣೆಯಲ್ಲಿ ದಿಂಬೂ ಹರಿದಿದೆ. ಒಂದು ನಿಮಿಷ ಒರಗಮ್ಮಾ ಅಂದೆ.”

ಅತ್ತೆ ಒಂದು ಕಣ್ಣು ತೆರೆದರು. ಆ ಕಣ್ಣಿನಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಅವನು ಕಾಣದಿದ್ದ ಏನೋ ಒಂದಿತ್ತು.

“ಅಳಿಯಂದಿರೇ, ಇದು ನೀವೇ ಹೊಲಿದದ್ದಾ?”

“ಹೌದು ಅತ್ತೆ.”

“ಇಷ್ಟು ವರ್ಷಕ್ಕೆ ಒಂದು ಒಳ್ಳೇ ಹಾಸಿಗೆ ಮಾಡಿದ್ರಿ ನೋಡಿ. ಇನ್ನು ನನಗೆ ಇದೇ ಇರಲಿ.”

ಹಾಸಿಗೆಯಣ್ಣ ಮತ್ತೆ ತಲೆ ಕೆರೆದುಕೊಂಡ. ಅದು ಸಂತೋಷಕ್ಕೋ ದುಃಖಕ್ಕೋ ಅವನಿಗೇ ತಿಳಿಯಲಿಲ್ಲ. ಅತ್ತೆ ಹಲ್ಲು ತೆಗೆದು ನೀರಿನ ಬಟ್ಟಲಿಗೆ ಹಾಕಿ, ಬಟ್ಟಲನ್ನು ಅವನ ಕೈಗಿತ್ತರು. ಪಕ್ಕದಲ್ಲಿದ್ದ ಸ್ಲೇಟು ತೆಗೆದು ಬರೆದರು: ‘ಜೋಪಾನ. ಮೆತ್ತಗಿನ ಜಾಗ ಬೇಡ.’ ಬರೆದ ಬಳಪ ಕೈಯಿಂದ ಜಾರುವ ಮೊದಲೇ ಗೊರಕೆ ಕೇಳಿಸಿತು.

ಅವನು ಬಟ್ಟಲು ಹಿಡಿದು ನಿಂತ. ಕಪಾಟಿನಲ್ಲಿ ಇಡಲು ಹೋದ, ಮರೆತರೆ? ಕಿಟಕಿಯಲ್ಲಿ ಇಡಲು ಹೋದ, ಮರೆತರೆ? ಕೊನೆಗೆ ಬಟ್ಟಲಿನ ಸಮೇತ ಹೊರಗೆ ಬಂದು, ಮೇಷ್ಟರ ಹಾಸಿಗೆಯ ಮುಂದೆ ಕೂತು, ಉಳಿದ ಒಂದು ಕೈಯಲ್ಲಿ ದಬ್ಬಳಕ್ಕೆ ದಾರ ಪೋಣಿಸಲು ನೋಡಿದ.

ಕಟಿಂಗ್ ಶಾಪಿನವನಿಗೆ ನೋಡಲಾಗಲಿಲ್ಲ. “ಅಣ್ಣಾ, ಒಂದು ಕೈಯಲ್ಲಿ ಹನ್ನೊಂದು ಹಾಸಿಗೆ ಹೊಲಿಯೋಕಾಗುತ್ತಾ? ಆ ಬಟ್ಟಲನ್ನ ಒಂದು ನಿಮಿಷ ಕೆಳಗಿಡು.”

ಹಾಸಿಗೆಯಣ್ಣನ ಬಾಯಿಂದ, ಹುಟ್ಟಿದ ಮೇಲೆ ಮೊದಲ ಸಲ, ಆ ಮಾತು ಹೊರಬಂತು.

“ಆಗೋದಿಲ್ಲ,” ಅಂದ.